ಚಿಕಿತ್ಸೆಯೂ ಯೋಗ್ಯತೆಯೂ

ಈಜು ಬಾರದವನು ಈಜು ಕಲಿಸೆಂದು ಬಂದಾಗ, "ಮೊದಲು ಈಸಿ ತೋರಿಸು, ಅನಂತರ ನೀರಿಗಿಳಿಸುವೆನು" ಎಂದು ಗುರುವಾದವನು ಹೇಳಿದರೆ ಕೇಳಿದವರು ನಗುವರು. ಹೊಳೆ ದಾಟಿಸೆಂದು ಬೇಡಿದವನಿಗೆ ಅಂಬಿಗನು, "ಅರ್ಧ ಹೊಳೆಯನ್ನು ನೀನೇ ಈಸಿ ಬಾ, ಉಳಿದರ್ಧಕ್ಕೆ ಹರಿಗೋಲಿದೆ" ಎಂದರೂ ಹಾಗೆಯೇ. ಆದರೆ ಲೋಕವ್ಯವಹಾರದಲ್ಲಿ ಇಂಥ ಮಾತು ನಗೆಗೀಡಾಗದೆ, ಎಷ್ಟೋ ವೇಳೆ ವಿವೇಕದ ಮಾತೆಂದೇ ಮನ್ನಣೆ ಪಡೆಯುತ್ತದೆ. ಸಾಲ ಬೇಕಾದವನು ತನಗೆ ಸಾಲದ ಅವಶ್ಯಕತೆಯೇ ಇಲ್ಲವೆಂಬಷ್ಟು ಆಸ್ತಿಯನ್ನು ತೋರಿಸಬೇಕು. ಕೆಲಸ ಕಲಿಯಬಂದವನು ಮೊದಲೇ ಆ ಕೆಲಸದಲ್ಲಿ ಪಳಗಿರಬೇಕು. ವೈದ್ಯದಲ್ಲಿಯೂ ಇದಕ್ಕೆ ಸಮನಾದ ಒಂದು ನಿಬಂಧನೆಯುಂಟು. ದೇಹದ ಭಾರವು ಮಿತಿಮೀರಿ, ಪಥ್ಯ ವ್ಯಾಯಾಮಗಳಿಂದ ಇಳಿಯದೆ, ಕಡೆಗೆ ಶಸ್ತ್ರಚಿಕಿತ್ಸೆಯನ್ನು ಆಶ್ರಯಿಸಬಂದ ರೋಗಿಗೆ, "ಮೊದಲು ಇಷ್ಟು ತೂಕ ಇಳಿಸಿಕೊಂಡು ಬನ್ನಿ, ಆಮೇಲೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡೋಣ" ಎಂದು ಹೇಳುವುದೇ ಆ ನಿಬಂಧನೆ. ಇದು ನ್ಯಾಯವೋ ಅನ್ಯಾಯವೋ ಎಂಬುದೇ ಪ್ರಕೃತ ವಿಚಾರ.

ವಿಷಯವು ಸ್ಪಷ್ಟವಾಗಲೆಂದು ಮೊದಲು ಈ ಚಿಕಿತ್ಸೆಯ ಸ್ವರೂಪವನ್ನು ತಿಳಿಯಬೇಕು. ಜಠರದ ಗಾತ್ರವನ್ನು ಕುಗ್ಗಿಸಿ ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಕ್ರಮವನ್ನು ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಮೊದಲು ಕೈಕೊಂಡರು. ಈಚೆಗೆ ಹೆಚ್ಚಾಗಿ ಬಳಕೆಗೆ ಬಂದಿರುವ ಇನ್ನೊಂದು ಕ್ರಮದಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಕಡಮೆಯಿಲ್ಲದಷ್ಟನ್ನು ಕತ್ತರಿಸಿ ತೆಗೆದು, ಉಳಿದುದನ್ನು ಒಂದು ಸಣ್ಣ ಕೊಳವೆಯಂತೆ ಮಾಡುವರು. ಇದು ಅಂದಚಂದಕ್ಕಾಗಿ ಮಾಡುವ ಕೆಲಸವೆಂದು ತಿಳಿಯುವುದು ತಪ್ಪು. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಹೊಂದಿದ 2010 ಮಂದಿಯನ್ನು, ಸಾಮಾನ್ಯ ಚಿಕಿತ್ಸೆಯಲ್ಲಿದ್ದ 2037 ಮಂದಿಯೊಡನೆ ಹೋಲಿಸಿ ನೋಡಲಾಯಿತು. ಶಸ್ತ್ರಚಿಕಿತ್ಸೆ ಹೊಂದಿದವರಲ್ಲಿ ಮರಣಗಳು ಕಡಮೆಯೆಂದು 2007ರಲ್ಲಿಯೂ, ಅವರ ಆಯುಸ್ಸು ಸರಾಸರಿ 3 ವರ್ಷ ಹೆಚ್ಚೆಂದು 2020ರಲ್ಲಿಯೂ ಪ್ರಕಟವಾಯಿತು. ಆದುದರಿಂದ ಈ ಚಿಕಿತ್ಸೆಯ ಬಾಗಿಲಲ್ಲಿ ರೋಗಿಯನ್ನು ನಿಲ್ಲಿಸುವವನು ಅವನ ಆಯುಸ್ಸಿನ ಒಂದು ಭಾಗವನ್ನು ತನ್ನ ಕೈಯಲ್ಲಿ ಹಿಡಿದಿರುವನೆಂದೇ ತಿಳಿಯತಕ್ಕದ್ದು.

ಇದು ಮಹಾನಗರಗಳ ಸಿರಿವಂತರ ಪ್ರಶ್ನೆ. ಅಫಜಲಪುರ ತಾಲ್ಲೂಕಿನ ಅತನೂರದಂಥ ಊರಿಗೆ ಇದರಿಂದೇನು? ಎಂದು ಯಾರಾದರೂ ಕೇಳಬಹುದು. ಜೋಳ ತೊಗರಿಗಳನ್ನು ಬೆಳೆದುಣ್ಣುವ ಎರೆಭೂಮಿಯ ಸೀಮೆಯಿದು. ಇಲ್ಲಿ ಬರಗಾಲದ ನೆನಪು ಹೊಸದಲ್ಲ. ಹೊಟ್ಟೆಗೆ ಸಾಲದವರ ಚಿಂತೆಯೇ ಇಲ್ಲಿ ಹಿರಿದಾಗಿತ್ತು. ಆದರೆ ಕಾಲವು ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ, ಪುರುಷರಲ್ಲಿ ನೂರಕ್ಕೆ ಸುಮಾರು 23 ಮಂದಿ ಮಿತಿಮೀರಿದ ತೂಕವುಳ್ಳವರು. ನೇಗಿಲ ಹಿಂದೆ ನಡೆಯುತ್ತಿದ್ದವನು ಈಗ ಟ್ರ್ಯಾಕ್ಟರಿನ ಮೇಲೆ ಕುಳಿತಿರುವನು. ಬೀಸುವ ಕಲ್ಲು ಮನೆಯ ಮೂಲೆ ಸೇರಿದೆ. ಬೇಕರಿಯ ತಿನಿಸು, ಬಾಟಲಿಯ ಸಿಹಿನೀರು ಹಳ್ಳಿಯ ಅಂಗಡಿಗೂ ಬಂದಿವೆ. ಒಂದೇ ಓಣಿಯಲ್ಲಿ ಸೊರಗಿದ ಮಗುವೂ, ಮಂಡಿನೋವಿನಿಂದ ಕಟ್ಟೆಯೇರಲಾರದ ಭಾರಿ ಮೈಯ ತಾಯಿಯೂ ಇರುವುದು ಈಗ ಅಪೂರ್ವವಲ್ಲ. ಅಂಥ ತಾಯಿಗೆ ಈ ಶಸ್ತ್ರಚಿಕಿತ್ಸೆ ಬೇಕಾದರೆ ಊರಿನಲ್ಲಿ ಅದು ದೊರೆಯದು. ಸೊಲ್ಲಾಪುರಕ್ಕೋ, ಹೈದರಾಬಾದಿಗೋ, ಬೆಂಗಳೂರಿಗೋ ಪ್ರಯಾಣ ಮಾಡಬೇಕು. ಹಾಗೆ ಪ್ರಯಾಣ ಮಾಡಿ ಹೋದವಳಿಗೆ "ಇಳಿಸಿಕೊಂಡು ಬನ್ನಿ" ಎಂಬ ಉತ್ತರ ದೊರೆತರೆ, ಪಟ್ಟಣದವರಿಗೆ ಒಂದು ವಾರದ ಮಾತಾದುದು ಅವಳಿಗೆ ಒಂದು ಸುಗ್ಗಿಯ ಮಾತಾಗುವುದು.

ಯಾವುದೇ ನಿಬಂಧನೆಯ ನ್ಯಾಯಾನ್ಯಾಯಗಳನ್ನು ಅರಿಯಬೇಕಾದರೆ ಅದರ ಉದ್ದೇಶವನ್ನು ಮೊದಲು ಕೇಳಬೇಕು. ಚಿಕಿತ್ಸೆಗೆ ಮುಂಚೆ ತೂಕ ಇಳಿಸಬೇಕೆಂಬ ಮಾತಿನ ಹಿಂದೆ ಮೂರು ಬಗೆಯ ಉದ್ದೇಶಗಳಿರಬಹುದು. ಒಂದನೆಯದು, ದೇಹವನ್ನು ಶಸ್ತ್ರಕ್ಕೆ ಸಿದ್ಧಪಡಿಸುವುದು. ಇದನ್ನು ಒಕ್ಕಲಿಗರ ಮಾತಿನಲ್ಲಿ 'ಹದ'ವೆನ್ನಬಹುದು. ಎರಡನೆಯದು, ರೋಗಿಯ ಮನೋಬಲವನ್ನು ಒರೆಗೆ ಹಚ್ಚಿ ನೋಡುವುದು, ಇದು 'ಪರೀಕ್ಷೆ'. ಮೂರನೆಯದು, ಬಾಯಿ ಬಿಟ್ಟು ಯಾರೂ ಹೇಳದಿದ್ದರೂ ಎಷ್ಟೋ ಮನಸ್ಸುಗಳ ತಳದಲ್ಲಿರುವುದು: ಅತಿಯಾಗಿ ಉಂಡ ತಪ್ಪಿಗೆ ಮೊದಲು ಸ್ವಲ್ಪ ತಪಿಸಲಿ ಎಂಬುದು, ಇದು 'ದಂಡ'. ಹೊರಗಿನ ಮಾತು ಮೂರರಲ್ಲಿಯೂ ಒಂದೇ. ಆದರೆ ಹದಕ್ಕೆ ಸಲ್ಲುವ ಗೌರವವು ಪರೀಕ್ಷೆಗೆ ಸಲ್ಲದು. ಪರೀಕ್ಷೆಗೆ ಸಲ್ಲುವಷ್ಟು ಕೂಡ ದಂಡಕ್ಕೆ ಸಲ್ಲದು. ಈ ಮೂರನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದು ಯುಕ್ತ.

ಮೊದಲು ಹದದ ಮಾತು. ಸ್ಥೂಲದೇಹಿಗಳಲ್ಲಿ ಅನೇಕರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಉಬ್ಬಿರುತ್ತದೆ. ಅದರ ಎಡಭಾಗವು ಜಠರದ ಮೇಲ್ತುದಿಯನ್ನು ಮುಚ್ಚಿಕೊಂಡಿರುವುದರಿಂದ ಶಸ್ತ್ರವೈದ್ಯನು ಅದನ್ನು ಎತ್ತಿ ಹಿಡಿದಲ್ಲದೆ ಕೆಲಸ ಮಾಡಲಾರನು. ಕೊಬ್ಬಿದ ಯಕೃತ್ತು ಭಾರವಾದುದು, ಸುಲಭವಾಗಿ ಹರಿದು ರಕ್ತ ಸುರಿಸುವಂಥದು. ಅತ್ಯಲ್ಪ ಕ್ಯಾಲೊರಿಯ ಪಥ್ಯವನ್ನು ಹಿಡಿದರೆ ಅದು ಬೇಗ ಕುಗ್ಗುತ್ತದೆ. ಆಸ್ಟ್ರೇಲಿಯದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವಾರಗಳ ಪಥ್ಯದಿಂದ ಯಕೃತ್ತಿನ ಗಾತ್ರವು ಸುಮಾರು ಐದರಲ್ಲೊಂದು ಪಾಲು ತಗ್ಗಿತು. ಆ ತಗ್ಗುವಿಕೆಯಲ್ಲಿ ನೂರಕ್ಕೆ 80ರಷ್ಟು ಮೊದಲ ಎರಡು ವಾರಗಳಲ್ಲಿಯೇ ಆಗಿದ್ದಿತು. ಯೂರೋಪಿನಲ್ಲಿ 2011ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷಣದಲ್ಲಿ, ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ 14 ದಿನಗಳ ಪಥ್ಯವನ್ನು ವಿಧಿಸಿದರು. ಶಸ್ತ್ರಕ್ರಿಯೆಗೆ ಹಿಡಿದ ಹೊತ್ತಿನಲ್ಲಿ ವ್ಯತ್ಯಾಸ ಕಾಣದಿದ್ದರೂ, ಪಥ್ಯ ಮಾಡಿದವರಲ್ಲಿ ಕೆಲಸವು ಸುಲಭವೆಂದು ವೈದ್ಯರಿಗೆ ತೋರಿತು. ಮುಂದಿನ ಒಂದು ತಿಂಗಳಿನ ತೊಡಕುಗಳೂ ಕಡಮೆಯಾದುವು.

ಇದು ಒಪ್ಪತಕ್ಕ ಮಾತು. ಹಿಂಗಾರಿ ಜೋಳವನ್ನು ಬಿತ್ತುವ ಮೊದಲು ಒಕ್ಕಲಿಗನು ಕುಂಟೆ ಹೊಡೆದು, ಕಳೆ ತೆಗೆದು, ಎರೆಯನ್ನು ಹದಕ್ಕೆ ತರುವನು. ಭೂಮಿಯ ಯೋಗ್ಯತೆಯನ್ನು ಅಳೆಯಬೇಕೆಂದು ಅವನು ಹೀಗೆ ಮಾಡುವುದಿಲ್ಲ. ಬಿತ್ತಿದ ಬೀಜ ಕೆಡದಿರಲೆಂದು ಮಾಡುವನು. ಹದಕ್ಕೆ ಮೂರು ಲಕ್ಷಣಗಳುಂಟು. ಅದಕ್ಕೆ ಕಾಲದ ಮಿತಿಯುಂಟು. ಎರಡು ವಾರಗಳಲ್ಲಿ ಆಗುವ ಕೆಲಸಕ್ಕೆ ಎರಡು ವರ್ಷ ಬೇಡ. ಅದು ಬೇಕಾದ ಕಡೆಗೆ ಬೇಕಾದಷ್ಟೇ. ಯಕೃತ್ತು ಕುಗ್ಗಬೇಕಾದರೆ ಪಥ್ಯವೇ ಮುಖ್ಯ, ತಕ್ಕಡಿಯು ತೋರಿಸುವ ಅಂಕಿ ಗೌಣ. ಮೂರನೆಯದಾಗಿ, ಹದ ಮಾಡುವ ಹೊಣೆ ಒಕ್ಕಲಿಗನದೇ ಹೊರತು ಭೂಮಿಯದಲ್ಲ; ಎಂದರೆ ಪಥ್ಯವನ್ನು ವಿಧಿಸಿದ ವೈದ್ಯಶಾಲೆಯು ಏನು ಉಣ್ಣಬೇಕು, ಹೇಗೆ ಉಣ್ಣಬೇಕು, ಸಕ್ಕರೆ ರೋಗದ ಮದ್ದನ್ನು ಆಗ ಎಷ್ಟು ತಗ್ಗಿಸಬೇಕು ಎಂಬುದನ್ನು ಕೈಹಿಡಿದು ನಡೆಸಬೇಕು. ದಿನಕ್ಕೆ ಸುಮಾರು 800 ಕ್ಯಾಲೊರಿಯ ಪಥ್ಯವೆಂದರೆ ಸಾಮಾನ್ಯವಲ್ಲ. ಆ ಎರಡು ವಾರಗಳಲ್ಲಿ ಎಳ್ಳಮಾವಾಸ್ಯೆ ಬಂದರೆ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳ ಬುತ್ತಿಯನ್ನು ಬಿಚ್ಚುವಾಗ, ಆ ಬುತ್ತಿಯನ್ನು ಕಟ್ಟಿದ ಹೆಣ್ಣುಮಗಳೇ ನೀರು ಮಜ್ಜಿಗೆಯಲ್ಲಿ ಕುಳಿತಿರಬೇಕು. ಇದನ್ನು ಕೇಳುವವನಿಗೆ ತಾನು ಎಷ್ಟು ಕೇಳುತ್ತಿರುವೆನೆಂಬ ಅರಿವಿರಬೇಕು. ಆದರೂ ಕಾರಣವು ನಿಜವಾದುದರಿಂದ, ಹದಕ್ಕಾಗಿ ಕೇಳುವುದು ಅನ್ಯಾಯವಲ್ಲ.

ಇನ್ನು ಪರೀಕ್ಷೆಯ ವಿಚಾರ. ಇಲ್ಲಿ ಪೂರ್ವಪಕ್ಷವು ಹೀಗಿದೆ: "ಶಸ್ತ್ರಚಿಕಿತ್ಸೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲ. ಆಮೇಲೆ ಜೀವಮಾನವೆಲ್ಲ ಮಿತವಾಗಿ ಉಣ್ಣಬೇಕು. ಜೀವಸತ್ತ್ವಗಳನ್ನು ತಪ್ಪದೆ ಸೇವಿಸಬೇಕು. ಕಾಲಕಾಲಕ್ಕೆ ವೈದ್ಯರನ್ನು ಕಾಣಬೇಕು. ಈಗ ಐದು ಸೇರು ಇಳಿಸಲಾರದವನು ಆಗ ಈ ನಿಯಮಗಳನ್ನು ಹೇಗೆ ಪಾಲಿಸಿಯಾನು? ಆದುದರಿಂದ ಮೊದಲೇ ನೋಡಿಕೊಳ್ಳುವುದು ಮೇಲು." ಇದಕ್ಕೆ ಬಲವನ್ನು ಕೊಡುವ ಅಂಕಿಗಳೂ ಇವೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 4 ಲಕ್ಷ 80 ಸಾವಿರ ರೋಗಿಗಳ ದಾಖಲೆಗಳನ್ನು ನೋಡಲಾಗಿ, ಶಸ್ತ್ರಚಿಕಿತ್ಸೆಗೆ ಮುಂಚೆ ಸ್ವಲ್ಪವಾದರೂ ತೂಕ ಇಳಿಸಿಕೊಂಡವರಲ್ಲಿ ಅನಂತರದ 30 ದಿನಗಳ ಮರಣಗಳು ಇಳಿಸದವರಲ್ಲಿದ್ದುದಕ್ಕಿಂತ ಕಡಮೆಯೆಂದು ಕಂಡುಬಂದಿತು. ಈ ಮಾತನ್ನು ಮರೆಮಾಡುವುದು ಪ್ರಾಮಾಣಿಕ ವಿಚಾರಕ್ಕೆ ಒಪ್ಪದು.

ಆದರೆ ಈ ಅಂಕಿಗಳಿಂದ ಏನು ಸಿದ್ಧವಾಗುವುದೆಂಬುದನ್ನು ಎಚ್ಚರದಿಂದ ನೋಡಬೇಕು. ಮೊದಲೇ ಇಳಿಸಿಕೊಂಡವರು ಇತರ ವಿಷಯಗಳಲ್ಲಿಯೂ ಹೆಚ್ಚು ಆರೋಗ್ಯವಂತರಾಗಿದ್ದಿರಬಹುದು, ಜೊತೆಗಿರುವುದೆಲ್ಲ ಕಾರಣವಲ್ಲ. ಅಲ್ಲದೆ ಆ 30 ದಿನಗಳ ಮರಣಗಳು ಸಾವಿರಕ್ಕೆ ಸುಮಾರು ಒಂದರಷ್ಟು ಮಾತ್ರ. ಬಾಗಿಲಲ್ಲಿ ತಿಂಗಳುಗಟ್ಟಳೆ ಕಾಯ್ದು ಬೇಸತ್ತು ಹಿಂದಿರುಗಿದವರಿಗೆ ಮುಂದೇನಾಯಿತೆಂಬುದು ಶಸ್ತ್ರಚಿಕಿತ್ಸೆಯಾದವರ ದಾಖಲೆಯಲ್ಲಿ ಬರುವಂತೆಯೇ ಇಲ್ಲ. ದಾಟಿದವರನ್ನು ಮಾತ್ರ ಎಣಿಸಿದ ಅಂಬಿಗನು ದಡದಲ್ಲಿ ಉಳಿದವರ ಲೆಕ್ಕವನ್ನು ಹೇಳಲಾರನು. ಈ ಕಾರಣದಿಂದಲೇ ಅಮೆರಿಕೆಯ ಈ ವಿಭಾಗದ ಶಸ್ತ್ರವೈದ್ಯರ ಸಂಘವು, ವಿಮಾ ಸಂಸ್ಥೆಗಳು ಕಡ್ಡಾಯಪಡಿಸುವ ಇಂಥ ಪೂರ್ವಭಾವಿ ತೂಕ ಇಳಿಕೆಯು ಭೇದಭಾವದಿಂದ ಕೂಡಿದುದೆಂದೂ, ವಿಜ್ಞಾನದ ಆಧಾರವಿಲ್ಲದುದೆಂದೂ 2016ರಲ್ಲಿ ಹೇಳಿಕೆಯನ್ನು ಹೊರಡಿಸಿತು.

ಇದಕ್ಕಿಂತ ಮುಖ್ಯವಾದ ಆಕ್ಷೇಪವೊಂದಿದೆ. ಪರೀಕ್ಷೆಯು ಯಾವುದನ್ನು ಅಳೆಯುತ್ತದೆ? ಮನೋಬಲವನ್ನೆಂದು ಹೇಳುವರು. ಆದರೆ ತೂಕವನ್ನು ಇಳಿಸುವವನ ಎದುರಾಳಿ ಅವನ ದೇಹವೇ. 1944–45ರಲ್ಲಿ ಅಮೆರಿಕೆಯ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬವರು ಆರೋಗ್ಯವಂತರಾದ 36 ಮಂದಿ ತರುಣರನ್ನು, ಅವರ ಸಮ್ಮತಿಯಿಂದಲೇ, ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಧರ್ಮಬುದ್ಧಿಯಿಂದ ಯುದ್ಧಕ್ಕೆ ಹೋಗಲೊಪ್ಪದೆ ಈ ಸೇವೆಗೆ ಬಂದ ದೃಢಚಿತ್ತರು ಅವರು. ಆದರೂ ಹಗಲಿರುಳು ಅನ್ನದ ಚಿಂತೆಯಲ್ಲಿಯೇ ಮುಳುಗಿದರು. ಕೊಬ್ಬಿನ ಕಣಗಳೇ ಮೆದುಳಿಗೆ ಸುದ್ದಿ ಕಳಿಸುವ ಲೆಪ್ಟಿನ್ ಎಂಬ ದ್ರವ್ಯವು 1994ರಲ್ಲಿ ಬೆಳಕಿಗೆ ಬಂದಿತು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬುದು 1999ರಲ್ಲಿ. ಮೆಲ್ಬರ್ನ್ ನಗರದ ಸಂಶೋಧಕರು 50 ಮಂದಿಗೆ 10 ವಾರ ಕಠಿಣ ಪಥ್ಯವನ್ನು ಮಾಡಿಸಿ, ತೂಕ ಇಳಿದ ಒಂದು ವರ್ಷದ ಮೇಲೆಯೂ ಈ ದ್ರವ್ಯಗಳು ಹಸಿವನ್ನು ಹೆಚ್ಚಿಸುವ ಕಡೆಗೇ ವಾಲಿರುವುದನ್ನು 2011ರಲ್ಲಿ ತೋರಿಸಿದರು. ಎಂದರೆ ಇಳಿಸಿದವನ ದೇಹವು ಕಳೆದುಕೊಂಡುದನ್ನು ಮರಳಿ ಪಡೆಯಲು ವರ್ಷವಾದರೂ ಹೋರಾಡುತ್ತಲೇ ಇರುವುದು.

ಶಸ್ತ್ರಚಿಕಿತ್ಸೆಯ ವಿಶೇಷವೂ ಇಲ್ಲಿಯೇ ಇದೆ. ಅದು ಹೊಟ್ಟೆಯನ್ನು ಕಿರಿದು ಮಾಡುವುದಷ್ಟೇ ಅಲ್ಲದೆ ಈ ಸುದ್ದಿಯ ದ್ರವ್ಯಗಳನ್ನೂ ಮಾರ್ಪಡಿಸುತ್ತದೆ. ಜಠರದ ಬಹುಭಾಗವನ್ನು ತೆಗೆದಾಗ ಗ್ರೆಲಿನ್ ಹುಟ್ಟುವ ಭಾಗವೇ ಹೋಗುವುದರಿಂದ ಹಸಿವು ತಗ್ಗುತ್ತದೆ. ಚಿಕಿತ್ಸೆಯ ಅನಂತರದ ಸಂಯಮವು ತಗ್ಗಿದ ಹಸಿವಿನೊಡನೆ ನಡೆಯುವ ಸಂಯಮ. ಮುಂಚಿನದು ಕೆರಳಿದ ಹಸಿವಿನೊಡನೆ ನಡೆಯುವುದು. ಎರಡನೆಯದರಲ್ಲಿ ಸೋತವನು ಮೊದಲನೆಯದರಲ್ಲಿಯೂ ಸೋಲುವನೆಂದು ನಿರ್ಣಯಿಸುವುದು, ಎದುರು ಪ್ರವಾಹದಲ್ಲಿ ಹರಿಗೋಲನ್ನು ನಡೆಸಲಾರದವನು ತಿಳಿನೀರಿನಲ್ಲಿಯೂ ನಡೆಸಲಾರನೆಂದು ಹೇಳಿದಂತೆ. ತೂಕ ಇಳಿಸುವ ಸಂಕಲ್ಪವಿದೆಯೋ ಇಲ್ಲವೋ ಎಂಬುದನ್ನು ಅಳೆಯಲು ಇದು ಸರಿಯಾದ ಕೊಳಗವಲ್ಲ.

ಇಲ್ಲಿ ಒಂದು ಹಳೆಯ ಶಾಸ್ತ್ರವಿಚಾರವು ನೆನಪಿಗೆ ಬರುವುದು ಸಹಜ. ವೇದಾಂತದಲ್ಲಿಯೂ 'ಅಧಿಕಾರಿ'ಯಾರೆಂಬ ಪ್ರಶ್ನೆಯುಂಟು. ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳುಳ್ಳವನಿಗೇ ಉಪದೇಶವೆಂದು ಹೇಳುವರು. ಇಂದ್ರಿಯನಿಗ್ರಹವು ಕೈಗೂಡಿದವನಿಗೆ ಉಪದೇಶವೇಕೆ, ಕೈಗೂಡದವನಿಗೆ ಉಪದೇಶವೇ ಇಲ್ಲವೆ ಎಂಬ ಶಂಕೆ ಅಲ್ಲಿಯೂ ಏಳುತ್ತದೆ. ಇದಕ್ಕೆ ಸಮಾಧಾನವನ್ನು ಹೀಗೆ ಹೇಳಬಹುದು: ಮೊದಲ ಮೂರು ಗುಣಗಳು ಗುರುವಿನ ಸನ್ನಿಧಿಯಲ್ಲಿ ಬೆಳೆಯತಕ್ಕವು, ನಾಲ್ಕನೆಯದಾದ ಬಿಡುಗಡೆಯ ಹಂಬಲವೊಂದು ಇದ್ದರೆ ಉಳಿದವು ಅದನ್ನು ಹಿಂಬಾಲಿಸಬಲ್ಲವು. ರೋಗಿಯ ವಿಷಯದಲ್ಲಿ ಈ ಹಂಬಲಕ್ಕೆ ಬೇರೆ ಸಾಕ್ಷ್ಯ ಬೇಕೆ? ತನ್ನ ಹೊಟ್ಟೆಯ ಮುಕ್ಕಾಲು ಪಾಲನ್ನು ಕತ್ತರಿಸಿಕೊಳ್ಳಲು ಒಪ್ಪಿ, ಲಕ್ಷಗಳಲ್ಲಿ ಎಣಿಸುವ ವೆಚ್ಚಕ್ಕೆ ಹೊಲವನ್ನೋ ಬಂಗಾರವನ್ನೋ ಒತ್ತೆಯಿಟ್ಟು, ನೂರಾರು ಮೈಲಿ ಪ್ರಯಾಣ ಮಾಡಿ ಬಂದವರ ಸಂಕಲ್ಪವನ್ನು ಸಂದೇಹಿಸುವುದಕ್ಕೆ ಆಧಾರವೇನು?

ಇನ್ನೊಂದು ವಿಪರೀತವನ್ನು ನೋಡಬೇಕು. ಭಾರತದಲ್ಲಿ ಆರೋಗ್ಯವಿಮೆಯ ನಿಬಂಧನೆಗಳನ್ನು ವಿಧಿಸುವ ಪ್ರಾಧಿಕಾರದ ಕಚೇರಿ ಹೈದರಾಬಾದಿನಲ್ಲಿದೆ. 1956ರವರೆಗೆ ಕಲಬುರಗಿ ಜಿಲ್ಲೆಯ ರಾಜಧಾನಿಯೂ ಅದೇ ಆಗಿದ್ದಿತು. ಈ ಪ್ರಾಧಿಕಾರವು 2019ರಲ್ಲಿ ಎಲ್ಲ ವಿಮಾ ಸಂಸ್ಥೆಗಳಿಗೂ ಅನ್ವಯಿಸುವಂತೆ ಕೆಲವು ಷರತ್ತುಗಳನ್ನು ಏಕರೂಪಗೊಳಿಸಿತು. ಅವುಗಳ ಪ್ರಕಾರ ಸ್ಥೂಲತೆಯ ಶಸ್ತ್ರಚಿಕಿತ್ಸೆಗೆ ವಿಮೆಯ ಹಣ ದೊರೆಯಬೇಕಾದರೆ ವಯಸ್ಸು 18 ತುಂಬಿರಬೇಕು. ಕಿಲೋಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸೂಚ್ಯಂಕವು 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 35ರ ಮೇಲಿದ್ದರೆ ಹೃದಯರೋಗ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರವ್ಯಾಧಿ, ಹತೋಟಿಗೆ ಬಾರದ ಮಧುಮೇಹ ಮುಂತಾದುವುಗಳಲ್ಲೊಂದು ಇರಬೇಕು. ಮತ್ತು ಶಸ್ತ್ರವಲ್ಲದ ಮೃದು ಉಪಾಯಗಳು ವಿಫಲವಾಗಿರಬೇಕು. ಇತ್ತ ವಿಮೆಯ ಮೇಜಿಗೆ ರೋಗಿಯು ತನ್ನ ಸೋಲನ್ನು ಸಾಕ್ಷಿಯಾಗಿ ಒಯ್ಯಬೇಕು: ಪಥ್ಯ ಮಾಡಿದೆನು, ಇಳಿಯಲಿಲ್ಲ ಎಂದು. ಅತ್ತ, ಪರೀಕ್ಷೆಯನ್ನೊಡ್ಡುವ ವೈದ್ಯನ ಮೇಜಿಗೆ ಗೆಲುವನ್ನು ಸಾಕ್ಷಿಯಾಗಿ ಒಯ್ಯಬೇಕು: ಪಥ್ಯ ಮಾಡಿದೆನು, ಇಳಿಯಿತು ಎಂದು. ಒಂದೇ ಬಾಯಿಂದ ಎರಡು ಮಾತನ್ನು ಆಡಿಸುವ ವ್ಯವಸ್ಥೆಯು ರೋಗಿಯನ್ನು ಸತ್ಯದಿಂದ ದೂರ ಎಳೆಯುವುದಿಲ್ಲವೆ?

ಲೆಕ್ಕವಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುವುದು. ಅತನೂರದಂಥ ಊರಿನ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳೋಣ. ಅವಳ ಎತ್ತರ 155 ಸೆಂಟಿಮೀಟರ್, ತೂಕ 97 ಕಿಲೋ. ಸೂಚ್ಯಂಕವು 40ಕ್ಕಿಂತ ತುಸು ಮೇಲೆ. ಮೇಲೆ ಹೇಳಿದ ವ್ಯಾಧಿಗಳು ಅವಳಿಗೆ ಇನ್ನೂ ತಗಲಿಲ್ಲ. ನೂರಕ್ಕೆ ಐದರಷ್ಟು ಇಳಿಸಿ ಬಾ ಎಂದುದಕ್ಕೆ ಅವಳು ಹಬ್ಬಹುಣ್ಣಿಮೆಗಳನ್ನೆಲ್ಲ ಬಿಟ್ಟು 5 ಕಿಲೋ ಇಳಿಸಿ ಬಂದಳೆನ್ನಿರಿ. ಈಗ ಸೂಚ್ಯಂಕವು 38ರ ಸುಮಾರು. ಯಾವ ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು? ಹೊಸ ತೂಕವನ್ನು ಹಿಡಿದರೆ, ವೈದ್ಯನ ಪರೀಕ್ಷೆಯಲ್ಲಿ ತೇರ್ಗಡೆಯಾದುದರಿಂದಲೇ ಅವಳು ವಿಮೆಯ ಯೋಗ್ಯತೆಯನ್ನು ಕಳೆದುಕೊಳ್ಳುವಳು. ಸಂಯಮಕ್ಕೆ ದೊರೆತ ಬಹುಮಾನವು ಬಾಗಿಲು ಮುಚ್ಚಿದುದೇ ಆಗುವುದು. ಇದಕ್ಕೆ ವಿರುದ್ಧವಾಗಿ, 2022ರಲ್ಲಿ ಅಮೆರಿಕೆಯ ಸಂಘವೂ ಅಂತಾರಾಷ್ಟ್ರೀಯ ಒಕ್ಕೂಟವೂ ಸೇರಿ ಹೊರಡಿಸಿದ ಸೂತ್ರಗಳಲ್ಲಿ, ಏಷ್ಯಾದ ಜನರಿಗೆ ಕಡಮೆ ತೂಕದಲ್ಲಿಯೇ ರೋಗಗಳು ತಗಲುವುದರಿಂದ 27.5ರ ಸೂಚ್ಯಂಕದಿಂದಲೇ ಈ ಚಿಕಿತ್ಸೆಯನ್ನು ಯೋಚಿಸಬಹುದೆಂದು ಹೇಳಿರುವುದು ಗಮನಾರ್ಹ.

ಮೂರನೆಯದಾದ ದಂಡದ ವಿಚಾರವು ಸೂಕ್ಷ್ಮವಾದುದು. ಇದನ್ನು ನಿಯಮವಾಗಿ ಯಾರೂ ಬರೆದಿಡುವುದಿಲ್ಲ. ಆದರೆ ಓಣಿಯ ಕಟ್ಟೆಯ ಮೇಲೆ, ಮದುವೆಯ ಪಂಕ್ತಿಯಲ್ಲಿ, ಕೆಲವೊಮ್ಮೆ ಔಷಧಾಲಯದಲ್ಲಿಯೂ, "ಉಣ್ಣುವಾಗ ಇರದ ಬುದ್ಧಿ ಈಗ ಬಂತೆ?" ಎಂಬ ಧ್ವನಿ ಕೇಳಿಬರುವುದು. ಸ್ಥೂಲತೆಯು ಕೇವಲ ಜಿಹ್ವಾಚಾಪಲ್ಯದ ಫಲವೆಂಬ ನಂಬಿಕೆಯೇ ಇದರ ಬೇರು. ಪ್ರಾಚೀನರು ಇಷ್ಟು ಅವಿಚಾರಿಗಳಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲತೆಗೆ ಕಾರಣಗಳನ್ನು ಹೇಳುವಾಗ ಅತಿಭೋಜನ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ ಮುಂತಾದುವುಗಳ ಜೊತೆಗೆ ಬೀಜಸ್ವಭಾವವನ್ನೂ ಹೇಳಿದೆ. ತಾಯಿತಂದೆಗಳಿಂದ ಬಂದ ಬೀಜವು ಮಗನ ಕೈಯಲ್ಲಿಲ್ಲ. ಅವಳಿಜವಳಿ ಮಕ್ಕಳನ್ನು ಪರಿಶೀಲಿಸಿದ ಈ ಕಾಲದ ವಿಜ್ಞಾನವೂ ತೂಕದ ತಾರತಮ್ಯದಲ್ಲಿ ವಂಶದ ಪಾಲು ಬಹಳ ದೊಡ್ಡದೆಂದೇ ಹೇಳುತ್ತದೆ. ಉಳಿದ ಪಾಲಿನಲ್ಲಿಯೂ ಅಗ್ಗದ ಎಣ್ಣೆ ಸಕ್ಕರೆಗಳು, ಬದಲಾದ ದುಡಿಮೆ, ಹೆರಿಗೆ, ಔಷಧಗಳು, ದುಃಖ ಇವೆಲ್ಲ ಸೇರಿವೆ. ತಪ್ಪು ಸ್ವಲ್ಪವಿದ್ದರೂ ಅದಕ್ಕೆ ದಂಡ ವಿಧಿಸುವ ಅಧಿಕಾರವು ವೈದ್ಯನಿಗೆ ಯಾರಿಂದ ಬಂದಿತು? ಮರವೇರಿ ಕಾಲು ಮುರಿದುಕೊಂಡ ಹುಡುಗನಿಗೆ, ಮೊದಲು ಬುದ್ಧಿವಂತನಾಗಿ ಬಾ, ಆಮೇಲೆ ಕಟ್ಟು ಕಟ್ಟುವೆನೆಂದು ಯಾವ ವೈದ್ಯನೂ ಹೇಳನು.

ಮದ್ಯಪಾನದಿಂದ ಯಕೃತ್ತು ಕೆಟ್ಟವರ ವಿಷಯದಲ್ಲಿ ಇಂಥದೇ ಒಂದು ವಾದ ನಡೆದಿದೆ. ಆರು ತಿಂಗಳು ಮದ್ಯವನ್ನು ಬಿಟ್ಟು ತೋರಿಸಿದ ಮೇಲೆಯೇ ಹೊಸ ಯಕೃತ್ತನ್ನು ಜೋಡಿಸತಕ್ಕದ್ದೆಂಬ ನಿಯಮವು ಬಹುಕಾಲ ಬಳಕೆಯಲ್ಲಿದ್ದಿತು. ಆದರೆ ತೀವ್ರರೋಗಿಗಳಲ್ಲಿ ಬಹುಮಂದಿ ಆ ಆರು ತಿಂಗಳು ಬದುಕಿರುತ್ತಲೇ ಇರಲಿಲ್ಲ. ಫ್ರಾನ್ಸ್ ಬೆಲ್ಜಿಯಮ್‌ಗಳಲ್ಲಿ ಜಾಗ್ರತೆಯಿಂದ ಆರಿಸಿದ ಕೆಲವರಿಗೆ ಕಾಯಿಸದೆಯೇ ಚಿಕಿತ್ಸೆ ಮಾಡಲಾಗಿ, ಆರು ತಿಂಗಳ ಅನಂತರ ನೂರಕ್ಕೆ 77 ಮಂದಿ ಬದುಕಿದ್ದರು. ಚಿಕಿತ್ಸೆ ಹೊಂದದ ಅಂಥವರಲ್ಲಿ ನೂರಕ್ಕೆ 23 ಮಂದಿ ಮಾತ್ರ. ಇದು 2011ರಲ್ಲಿ ಪ್ರಕಟವಾದ ಸಂಗತಿ. ಪರೀಕ್ಷೆಯ ಅವಧಿಯೇ ಮರಣದ ಅವಧಿಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಹಣದ ಕೊರತೆಯು ನೀತಿಯ ವೇಷವನ್ನು ತೊಡುವುದೂ ಉಂಟು. 2016ರಲ್ಲಿ ಇಂಗ್ಲೆಂಡಿನ ಯಾರ್ಕ್ ಸೀಮೆಯ ಆರೋಗ್ಯಾಡಳಿತವು, ಸ್ಥೂಲರಾದವರು ನೂರಕ್ಕೆ ಹತ್ತರಷ್ಟು ತೂಕ ಇಳಿಸದಿದ್ದರೆ ಅವಸರವಲ್ಲದ ಶಸ್ತ್ರಚಿಕಿತ್ಸೆಗಳನ್ನು ಒಂದು ವರ್ಷದವರೆಗೆ ಮುಂದೂಡುವ ಯೋಜನೆಯನ್ನು ಪ್ರಕಟಿಸಿತು. ಅಲ್ಲಿಯ ಶಸ್ತ್ರವೈದ್ಯರ ಮಹಾಸಂಸ್ಥೆಯೇ ಅದನ್ನು ಖಂಡಿಸಿತು.

ಹಾಗಾದರೆ ವೈದ್ಯನು ಬೇಡಿದವರಿಗೆಲ್ಲ ಶಸ್ತ್ರವನ್ನು ಎತ್ತಬೇಕೆ? ಎಂದು ಕೇಳಿದರೆ, ಹಾಗಲ್ಲ. ಅರಿವಳಿಕೆಯನ್ನು ತಾಳಲಾರದ ದೇಹಕ್ಕೆ ಶಸ್ತ್ರವನ್ನು ತಾಗಿಸುವುದು ದಯೆಯಲ್ಲ. ಅಪಾಯವು ಲಾಭಕ್ಕಿಂತ ಹೆಚ್ಚೆಂದು ತೋರಿದಾಗ ಬೇಡವೆನ್ನುವ ಹಕ್ಕು ವೈದ್ಯನಿಗೆ ಉಂಟು. ಅದು ಅವನ ಕರ್ತವ್ಯವೂ ಹೌದು. ರೋಗಿಗೂ ಕರ್ತವ್ಯಗಳಿವೆ. ಚಿಕಿತ್ಸೆಯ ಅನಂತರ ಪಥ್ಯ ಮುರಿದು, ಜೀವಸತ್ತ್ವಗಳನ್ನು ಬಿಟ್ಟು, ರಕ್ತಹೀನತೆ ನರದೌರ್ಬಲ್ಯಗಳನ್ನು ತಂದುಕೊಳ್ಳುವವನು ತನ್ನ ಮನೆಯವರಿಗೂ ಕಷ್ಟವನ್ನು ತರುವನು. ಆದರೆ ಈ ಕರ್ತವ್ಯಗಳನ್ನು ಮನಗಾಣಿಸುವ ದಾರಿ ತಿಳಿವಳಿಕೆಯದು. ತಿಂಗಳಿಗೊಮ್ಮೆ ಕರೆದು ಮಾತನಾಡಿಸುವುದು, ಮನೆಯ ಅಡಿಗೆಯಲ್ಲಿಯೇ ಏನನ್ನು ಇಟ್ಟುಕೊಳ್ಳಬಹುದು, ಏನನ್ನು ಬಿಡಬೇಕೆಂದು ತಿಳಿಸುವುದು, ಅತ್ತೆಮಾವಂದಿರಿಗೂ ಗಂಡನಿಗೂ ಅದನ್ನು ವಿವರಿಸುವುದು, ಇವುಗಳಿಂದ ರೋಗಿಯ ಮನಸ್ಸೂ ತಿಳಿಯುವುದು, ಅದಕ್ಕೆ ಬಲವೂ ಬರುವುದು. ತಕ್ಕಡಿಯ ಮುಳ್ಳಿಗೆ ಈ ಎರಡೂ ಅಸಾಧ್ಯ.

ಈ ಎಲ್ಲ ವಿಚಾರದಿಂದ ಕೆಲವು ನಿರ್ಣಯಗಳು ತಾವಾಗಿಯೇ ಹೊರಡುತ್ತವೆ. ತೂಕವನ್ನು ಇಳಿಸೆಂದು ಕೇಳುವವನು ಏತಕ್ಕಾಗಿ ಎಂಬುದನ್ನು ರೋಗಿಗೆ ಬಿಡಿಸಿ ಹೇಳಬೇಕು. ಹೇಳಲು ಕಾರಣವಿಲ್ಲದಿದ್ದರೆ ಕೇಳಬಾರದು. ಕಾರಣವು ಯಕೃತ್ತಿನ ಹದವಾಗಿದ್ದರೆ, ಅವಧಿಯು ಆ ಹದಕ್ಕೆ ಬೇಕಾದಷ್ಟೇ ಇರಬೇಕು. ಇಳಿಸುವುದಕ್ಕೆ ಬೇಕಾದ ನೆರವನ್ನು ಕೇಳಿದವನೇ ಒದಗಿಸಬೇಕು. ದೂರದ ಊರಿನವರಿಗೆ ದೂರವಾಣಿಯಿಂದಲಾದರೂ ಒದಗಿಸಬಹುದು. ಪಥ್ಯವನ್ನು ಪ್ರಾಮಾಣಿಕವಾಗಿ ನಡೆಸಿಯೂ ಅಂಕಿ ಮುಟ್ಟದವನನ್ನು ಹಿಂದಕ್ಕೆ ಕಳುಹಿಸದೆ, ಮುಂದೇನೆಂದು ಅವನೊಡನೆ ಕುಳಿತು ಯೋಚಿಸಬೇಕು. ಕಾಯಿಸುವುದರಿಂದಾಗುವ ಹಾನಿಯನ್ನೂ ಚಿಕಿತ್ಸೆಯ ಹಾನಿಯಂತೆಯೇ ಲೆಕ್ಕಕ್ಕೆ ಹಿಡಿಯಬೇಕು. ವಿಮೆಯವರ ನಿಯಮವೂ ವೈದ್ಯರ ನಿಯಮವೂ ಒಂದನ್ನೊಂದು ಅಲ್ಲಗಳೆಯದಂತೆ, ಮೊದಲ ಭೇಟಿಯ ದಿನದ ತೂಕವನ್ನೇ ಯೋಗ್ಯತೆಗೆ ಆಧಾರವಾಗಿಟ್ಟುಕೊಳ್ಳಬೇಕು.

ಸುಶಿಕ್ಷಿತ ಮನೆತನಗಳಿಗೂ ಇಲ್ಲಿ ಒಂದು ಕೆಲಸವುಂಟು. ವೈದ್ಯಶಾಲೆಯ ಬಾಗಿಲಲ್ಲಿ ನಡೆಯುವ ಪರೀಕ್ಷೆಯು ಅದಕ್ಕೂ ಮೊದಲು ಮನೆಯ ಹೊಸ್ತಿಲಲ್ಲಿ ನಡೆದಿರುತ್ತದೆ. ಸ್ಥೂಲಳಾದ ಸೊಸೆಗೆ, ಆಟದ ಬಯಲಿನಿಂದ ಅಳುತ್ತ ಬಂದ ಮಗನಿಗೆ, ಮೊದಲು ಇಳಿಸು, ಆಮೇಲೆ ಸೀರೆ. ಮೊದಲು ಇಳಿಸು, ಆಮೇಲೆ ಮದುವೆ. ಮೊದಲು ಇಳಿಸು, ಆಮೇಲೆ ಮಾತು ಎಂದು ಹೇಳುತ್ತ ಬಂದ ಮನೆಗಳು ಎಷ್ಟಿಲ್ಲ? ಹೀಗೆ ಪ್ರೀತಿಗೂ ಗೌರವಕ್ಕೂ ಕಿಲೋಗಳ ಲೆಕ್ಕದಲ್ಲಿ ಬೆಲೆ ಕಟ್ಟಿಸಿಕೊಂಡು ಬೆಳೆದವರು, ವೈದ್ಯನು ಅಂಥದೇ ಮಾತನ್ನು ಆಡಿದಾಗ ಕಾರಣವನ್ನು ಕೇಳುವ ಧೈರ್ಯವಿಲ್ಲದೆ, ತಾವು ಅಯೋಗ್ಯರೆಂದೇ ನಂಬಿ ಹಿಂದಿರುಗುವರು.

ಕಲಬುರಗಿಯ ಶರಣಬಸವೇಶ್ವರರ ಹೆಸರು ದಾಸೋಹದೊಡನೆ ಹೆಣೆದುಕೊಂಡು ಈ ಸೀಮೆಯ ಮನೆಮನೆಯಲ್ಲಿಯೂ ಉಳಿದಿದೆ. ದಾಸೋಹದ ಪಂಕ್ತಿಯಲ್ಲಿ ಹಸಿದು ಕುಳಿತವನನ್ನು, ನೀನು ಉಣ್ಣುವುದಕ್ಕೆ ಯೋಗ್ಯನೇ ಎಂದು ಕೇಳುವ ಪದ್ಧತಿಯಿಲ್ಲ. ಕೈ ತೊಳೆದು ಬಾ ಎಂದು ಹೇಳುವ ಪದ್ಧತಿಯುಂಟು. ಕೈ ತೊಳೆಯುವುದು ಅವನ ಹಿತಕ್ಕಾಗಿಯೇ ಇದೆ, ನೀರನ್ನು ಬಡಿಸುವವರೇ ಕೊಡುವರು, ಅದಕ್ಕಾಗಿ ಯಾರೂ ಹಸಿದು ಹಿಂದಿರುಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ಪಥ್ಯವೂ ಇಷ್ಟರ ಮಟ್ಟಿಗೆ ನಿಂತರೆ ಅದನ್ನು ಯಾರೂ ಆಕ್ಷೇಪಿಸಲಾರರು. ಅದನ್ನು ಮೀರಿ ಯೋಗ್ಯತೆಯ ವಿಚಾರಣೆಯಾದಾಗ ವೈದ್ಯನು ತನ್ನ ಪೀಠವನ್ನು ಬಿಟ್ಟು ನ್ಯಾಯಾಧೀಶನ ಪೀಠವನ್ನೇರಿದಂತಾಗುವುದು; ರೋಗಿಯಾದರೋ ಅಪರಾಧವೇನೆಂದು ತಿಳಿಯದೆಯೇ ಕಟಕಟೆಯಲ್ಲಿ ನಿಲ್ಲಬೇಕಾಗುವುದು.